ಎಣ್ಣೆ ಹಾಕಿದ್ದರೂ ಎಣ್ಣೆಯಿಲ್ಲದೆ ಸೀಜ್ ಆದ ಕಳೆ ಯಂತ್ರ: ಇ20 ಪೆಟ್ರೋಲಿನ ಒಂದು ಪ್ರಕರಣ

ತೀರ್ಥಹಳ್ಳಿ ಕಡೆಯ ಒಂದು ಅಡಿಕೆ ತೋಟದ ಕಳೆ ಹೊಡೆಯುವ ಯಂತ್ರ ಇದು. ಎರಡು ಸ್ಟ್ರೋಕಿನ, ಅಂದರೆ ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಿ ಓಡಿಸುವ ಸಾದಾ ಬ್ರಷ್ ಕಟರ್, ಹೆಗಲಿಗೆ ಬೆಲ್ಟ್ ಹಾಕಿಕೊಂಡು ಬೀಸುವಂಥದ್ದು. ಮಳೆಗಾಲ ಮುಗಿದು, ಕೊಯ್ಲಿಗೆ ಮುಂಚೆ ತೋಟ ಸವರುತ್ತಿರುವಾಗ ನಡುವೆಯೇ ನಿಂತುಹೋಯಿತು. ಹಗ್ಗ ಎಳೆದರೆ ಬರಲಿಲ್ಲ. ಪೇಟೆಯ ಅಂಗಡಿಯಲ್ಲಿ ಬಿಚ್ಚಿ ನೋಡಿ ಒಂದೇ ಮಾತು ಹೇಳಿದರು, "ಎಣ್ಣೆ ಹಾಕದೆ ಓಡಿಸಿದ್ದೀರಿ, ಪಿಸ್ಟನ್ ಸೀಜ್ ಆಗಿದೆ." ಅಂದರೆ ಸಿಲಿಂಡರಿನಲ್ಲೇ ಕಚ್ಚಿ ನಿಂತಿದೆ.

ಯಜಮಾನರಿಗೆ ಸಿಟ್ಟು ಬಂತು. ಅವರು ಎಣ್ಣೆ ಮರೆಯುವ ಜನ ಅಲ್ಲ. ಲೀಟರಿಗೆ 40 ಮಿಲಿ ಟೂಟಿ (2T) ಎಣ್ಣೆ, ಅದೂ ಅಳತೆ ಬಾಟಲಿಯಲ್ಲೇ ಹಾಕುವವರು. ಆ ಕ್ಯಾನಿನ ಪೆಟ್ರೋಲಿಗೆ ಎಣ್ಣೆ ಬೆರೆಸಿದ್ದು ಕೂಡ ಅವರೇ, ಆಳುಗಳಲ್ಲ. ಹಾಗಾಗಿ ಅಂಗಡಿಯವರು ಹೇಳಿದ ರಿಪೇರಿಗೆ ಒಪ್ಪದೆ ಯಂತ್ರವನ್ನು ಹಾಗೇ ವಾಪಸ್ ತಂದು ನನ್ನ ಶೆಡ್ಡಿನಲ್ಲಿ ಇಟ್ಟರು. ನಾನು ಸಣ್ಣ ಎಂಜಿನ್‌ಗಳ ರಿಪೇರಿ ಮಾಡುವವನು. ಸ್ಪ್ರೇಯರ್, ಚೈನ್ ಸಾ, ಕಳೆ ಯಂತ್ರ, ಚಿಕ್ಕ ಪಂಪು, ಇವೇ ನನ್ನ ದಿನದ ಗಿರಾಕಿಗಳು.

ಮೊದಲು ಎಂಜಿನ್ ಏನು ಹೇಳುತ್ತದೆ ನೋಡೋಣ ಅಂತ ಸೈಲೆನ್ಸರ್ ತೆಗೆದೆ. ಎಕ್ಸಾಸ್ಟ್ ಕಿಂಡಿಯಿಂದ ನೋಡಿದರೆ ಪಿಸ್ಟನ್ ಮೇಲೆ ಮೇಲಿಂದ ಕೆಳಕ್ಕೆ ಗೀರುಗಳು, ರಿಂಗ್ ತನ್ನ ತೋಡಿನಲ್ಲೇ ಕಚ್ಚಿಕೊಂಡಿದೆ. ಸ್ಪಾರ್ಕ್ ಪ್ಲಗ್ ಸುಣ್ಣ ಬಳಿದ ಹಾಗೆ ಬೆಳ್ಳಗೆ. ಎಣ್ಣೆ ಬೆರೆತ ಪೆಟ್ರೋಲಿನಲ್ಲಿ ಓಡಿದ ಎರಡು ಸ್ಟ್ರೋಕ್ ಎಂಜಿನ್ ಒಳಗೆ ಒಂಥರಾ ಜಿಡ್ಡಿನ ಪಸೆ ಇರುತ್ತದೆ, ಕೈ ಹಾಕಿದರೆ ಗೊತ್ತಾಗುತ್ತದೆ. ಇಲ್ಲಿ ಒಣಕಲು. ಅಂದರೆ ಅಂಗಡಿಯವರು ಎಂಜಿನ್ ಬಗ್ಗೆ ಹೇಳಿದ್ದು ನೂರಕ್ಕೆ ನೂರು ನಿಜ. ಕೊನೆಯ ಹೊತ್ತಿನಲ್ಲಿ ಈ ಎಂಜಿನ್‌ಗೆ ಎಣ್ಣೆ ಸಿಕ್ಕಿಲ್ಲ. ಹಾಗಾದರೆ ಯಜಮಾನರು ಹಾಕಿದ ಎಣ್ಣೆ ಎಲ್ಲಿ ಹೋಯಿತು?

ಉತ್ತರ ಟ್ಯಾಂಕಿನಲ್ಲೇ ಇತ್ತು. ಉಳಿದಿದ್ದ ಪೆಟ್ರೋಲನ್ನು ಗಾಜಿನ ಬಾಟಲಿಗೆ ಸುರಿದು ಕಿಟಕಿಯ ಬೆಳಕಿಗೆ ಇಟ್ಟೆ. ಮೊದಲು ಮಜ್ಜಿಗೆ ನೀರಿನಂತೆ ಮಬ್ಬಾಗಿತ್ತು. ಸ್ವಲ್ಪ ಹೊತ್ತು ಅಲ್ಲಾಡಿಸದೆ ಬಿಟ್ಟರೆ ಎರಡು ಪದರ ಆಯಿತು. ಮೇಲೆ ತೆಳು ನೀಲಿ, ಕೆಳಗೆ ಬಣ್ಣವೇ ಇಲ್ಲ. ಅವರು ಹಾಕುವ ಟೂಟಿ ಎಣ್ಣೆಯ ಬಣ್ಣ ನೀಲಿ. ನೀಲಿ ಎಲ್ಲಿದೆಯೋ ಅಲ್ಲಿ ಎಣ್ಣೆ ಇದೆ, ಕೆಳಗಿನ ಪದರದಲ್ಲಿ ಎಣ್ಣೆ ಇಲ್ಲ. ಈ ಯಂತ್ರಗಳ ಟ್ಯಾಂಕಿನಲ್ಲಿ ಪೈಪಿನ ತುದಿಗೆ ಒಂದು ಭಾರದ ಫಿಲ್ಟರ್ ಇರುತ್ತದಲ್ಲ, ಯಂತ್ರ ಹೇಗೆ ಓರೆ ಮಾಡಿದರೂ ಅದು ತಳಕ್ಕೇ ಹೋಗಿ ಕೂರುತ್ತದೆ. ಹೀರುವುದು ತಳದ್ದನ್ನೇ. ತಳದಲ್ಲಿ ಎಣ್ಣೆಯಿಲ್ಲದ ಪದರ ಕೂತರೆ ಮೊದಲು ಎಂಜಿನ್ ಹೊಟ್ಟೆಗೆ ಹೋಗುವುದೂ ಅದೇ.

ಇದರ ಹಿಂದಿನ ಕತೆ ಇಷ್ಟು. ಬಂಕಿನಲ್ಲಿ ಸಿಗುವ ಇ20 ಪೆಟ್ರೋಲಿನಲ್ಲಿ 20 ಶೇಕಡದಷ್ಟು ಎಥನಾಲ್ ಎಂಬ ಆಲ್ಕೋಹಾಲ್ ಬೆರೆತಿರುತ್ತದೆ. ಎಥನಾಲ್ ಪೆಟ್ರೋಲಿನ ಜೊತೆಗೂ ಬೆರೆಯುತ್ತದೆ, ನೀರಿನ ಜೊತೆಗೂ ಬೆರೆಯುತ್ತದೆ, ಆದರೆ ಅದಕ್ಕೆ ನೀರೇ ಜಾಸ್ತಿ ಇಷ್ಟ. ಸ್ವಲ್ಪ ನೀರು ಸೇರಿದರೆ ಎಥನಾಲ್ ಅದನ್ನು ಒಳಗೇ ಹಿಡಿದಿಟ್ಟುಕೊಳ್ಳುತ್ತದೆ, ಕಣ್ಣಿಗೆ ಏನೂ ಕಾಣುವುದಿಲ್ಲ. ಲೀಟರಿಗೆ ಒಂದೆರಡು ಟೀ ಚಮಚ ದಾಟಿತು ಅಂದರೆ ಹಿಡಿತ ತಪ್ಪುತ್ತದೆ. ಆಗ ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ತಳಕ್ಕೆ ಇಳಿಯುತ್ತದೆ. ಎಣ್ಣೆ ಮಾತ್ರ ಇಳಿಯುವುದಿಲ್ಲ, ಅದು ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಇನ್ನೊಂದು ವಿಷಯ, ಚಳಿ ಬಿದ್ದಷ್ಟೂ ಎಥನಾಲ್ ನೀರು ಹಿಡಿದಿಟ್ಟುಕೊಳ್ಳುವ ಶಕ್ತಿ ಕಮ್ಮಿ. ಜೂನಿನಲ್ಲಿ ಸರಿಯಾಗಿ ಕಂಡ ಕ್ಯಾನು ಅಕ್ಟೋಬರ್ ಕೊನೆಯ ಒಂದು ತಣ್ಣನೆಯ ಬೆಳಗಿನಲ್ಲಿ ಎರಡಾಗಿ ಒಡೆದಿರಬಹುದು.

ಕ್ಯಾನು ತರಿಸಿದೆ. ಅದರ ಚರಿತ್ರೆ ಕೇಳಿದರೆ ಮಲೆನಾಡಿನ ಯಾವ ಮನೆಯಲ್ಲಾದರೂ ಕೇಳಬಹುದಾದದ್ದೇ. ಬಂಕು ದೂರ, ಹಾಗಾಗಿ ಹೋದಾಗ ಒಂದೇ ಸಲ ಕ್ಯಾನು ತುಂಬಿಸಿಕೊಂಡು ಬರುತ್ತಾರೆ. ಮಳೆ ಹಿಡಿಯುವ ಮುಂಚೆ ತಂದದ್ದಕ್ಕೆ ಎಣ್ಣೆ ಪೂರ್ತಿ ಬೆರೆಸಿಟ್ಟು, ಅರ್ಧದಷ್ಟನ್ನು ಆಗಲೇ ಖರ್ಚು ಮಾಡಿದ್ದಾರೆ. ಉಳಿದ ಅರ್ಧ ಸೌದೆ ಕೊಟ್ಟಿಗೆಯ ಮೂಲೆಯಲ್ಲಿ ಇಡೀ ಮಳೆಗಾಲ ಕೂತಿದೆ. ಮುಚ್ಚಳದ ವಾಷರ್ ಎಂದೋ ಕಳೆದುಹೋಗಿ, ಬಾಯಿಗೆ ಪ್ಲಾಸ್ಟಿಕ್ ಹಾಳೆ ಇಟ್ಟು ಮೇಲೆ ಮುಚ್ಚಳ ತಿರುಗಿಸಿದ್ದಾರೆ. ಕೊಟ್ಟಿಗೆಯ ಹೆಂಚು ಆ ಮೂಲೆಯಲ್ಲಿ ಸೋರುತ್ತದೆ, ಅದನ್ನು ಅವರೇ ಹೇಳಿದರು.

ಎಥನಾಲ್ ಗಾಳಿಯ ತೇವ ಹೀರುತ್ತದೆ ಅನ್ನುವುದನ್ನು ಈಗ ಎಲ್ಲರೂ ಹೇಳುತ್ತಾರೆ. ಸುಳ್ಳಲ್ಲ. ಆದರೆ ಬರೀ ಗಾಳಿಯ ತೇವದಿಂದ ಪದರ ಒಡೆಯುವಷ್ಟು ನೀರು ಸೇರಬೇಕಾದರೆ ತುಂಬ ನಿಧಾನ, ಅದರಲ್ಲೂ ಮುಚ್ಚಿದ ಕ್ಯಾನಿನಲ್ಲಿ. 20 ಶೇಕಡ ಎಥನಾಲ್ ಇದ್ದರೆ 10 ಶೇಕಡ ಇದ್ದದ್ದಕ್ಕಿಂತ ಜಾಸ್ತಿ ನೀರನ್ನೇ ಹಿಡಿದಿಟ್ಟುಕೊಳ್ಳುತ್ತದೆ, ಆ ಲೆಕ್ಕದಲ್ಲಿ ಇ20 ಒಡೆಯುವುದು ಇನ್ನೂ ತಡ. ಆದರೆ ಒಡೆದಾಗ ತಳಕ್ಕೆ ಇಳಿಯುವ ಪದರವೂ ದುಪ್ಪಟ್ಟು. ನನ್ನ ಅಂದಾಜು ಇಲ್ಲಿ ಸೇರಿದ್ದು ಹೆಂಚಿನ ನೀರೇ. ಹಾಳೆಯ ಮಡಿಕೆಯಲ್ಲಿ ನಿಂತ ನೀರು ತೊಟ್ಟು ತೊಟ್ಟಾಗಿ ಒಳಗೆ ಇಳಿದಿದೆ. ಬಂಕಿನಲ್ಲೇ ನೀರು ಸೇರಿತ್ತೇನೋ ಅಂತ ಯಜಮಾನರಿಗೆ ಅನುಮಾನ ಇತ್ತು. ಹಾಗಿದ್ದರೆ ಜೂನಿನಲ್ಲೇ ಯಂತ್ರ ಕೆಮ್ಮಬೇಕಿತ್ತು ಅಲ್ವಾ? ಆಗ ಅದೇ ಕ್ಯಾನಿನಿಂದ ಯಾವ ತಕರಾರೂ ಇಲ್ಲದೆ ಓಡಿದೆ.

ಇನ್ನು ಅವರಿಗೆ ಅರ್ಥವಾಗದೇ ಇದ್ದದ್ದು ಇದು. ನಿಂತುಹೋದ ಹಿಂದಿನ ದಿನ ಇದೇ ಕ್ಯಾನಿನ ಪೆಟ್ರೋಲಿನಲ್ಲಿ ಯಂತ್ರ ಓಡಿತ್ತು. ಅವತ್ತು ಏನೂ ಆಗದೆ ಇದ್ದದ್ದು ಮಾರನೇ ದಿನ ಹೇಗೆ ಆಯಿತು? ಕ್ಯಾನು ಬಗ್ಗಿಸಿ ಸುರಿಯುವಾಗ ಮೊದಲು ಬರುವುದು ಮೇಲಿನ ಪದರ. ಅದರಲ್ಲಿ ಎಣ್ಣೆ ಇತ್ತು, ಸರಿಯಾದ ಅಳತೆಗಿಂತ ಸ್ವಲ್ಪ ಜಾಸ್ತಿಯೇ ಇತ್ತು. ಕ್ಯಾನು ಖಾಲಿಯಾಗುತ್ತಾ ಬಂದಂತೆ ತಳದ್ದು ಬಂತು. ಕೊನೆಯ ಸಲ ಟ್ಯಾಂಕ್ ತುಂಬಿಸಿದ್ದು ಎಂಜಿನ್ ಬಿಸಿ ಇರುವಾಗಲೇ. ತಣ್ಣಗಿದ್ದಿದ್ದರೆ ಆ ನೀರು ಬೆರೆತ ಎಥನಾಲಿನಲ್ಲಿ ಅದು ಸ್ಟಾರ್ಟೇ ಆಗುತ್ತಿರಲಿಲ್ಲ, ಪಿಸ್ಟನ್ ಉಳಿಯುತ್ತಿತ್ತು. ಬಿಸಿ ಇದ್ದದ್ದರಿಂದ, ಟ್ಯಾಂಕಿನಲ್ಲಿ ಹಳೆಯದು ಒಂದಿಷ್ಟು ಉಳಿದಿದ್ದರಿಂದ, ಬೀಸುವಾಗ ಕುಲುಕಿ ಅಷ್ಟಿಷ್ಟು ಬೆರೆತದ್ದರಿಂದ ಮುಕ್ಕಿ ಮುಕ್ಕಿ ಓಡಿತು, ಎಣ್ಣೆಯಿಲ್ಲದೆ ಓಡಿತು, ಅಷ್ಟು ಹೊತ್ತು ಸಾಕಾಯಿತು.

ಬಂಕಿನಲ್ಲಿ ಸಿಗುವುದರಲ್ಲಿ ನಿಜವಾಗಿ ಎಷ್ಟು ಎಥನಾಲ್ ಇದೆ ಅನ್ನುವುದನ್ನೂ ನೋಡಿಬಿಡೋಣ ಅಂತ ಅದೇ ಬಂಕಿನ ಹೊಸ ಪೆಟ್ರೋಲ್ ತರಿಸಿ ಪರೀಕ್ಷೆ ಮಾಡಿದೆವು. ಇದನ್ನು ಯಾರು ಬೇಕಾದರೂ ಮಾಡಬಹುದು, ಒಲೆ ಬೀಡಿ ಹತ್ತಿರ ಇಲ್ಲದಿದ್ದರೆ ಆಯಿತು. ಗೆರೆ ಇರುವ ಉದ್ದನೆಯ ಗಾಜಿನ ಅಳತೆ ಜಾಡಿಯಲ್ಲಿ 10 ಮಿಲಿ ನೀರು, ಅದರ ಮೇಲೆ 100 ಮಿಲಿ ಪೆಟ್ರೋಲ್. ಬಾಯಿ ಮುಚ್ಚಿ ಚೆನ್ನಾಗಿ ಕುಲುಕಿ, ಆವಿ ಬಿಟ್ಟು, ನಿಲ್ಲಿಸಬೇಕು. ಪೆಟ್ರೋಲಿನಲ್ಲಿರುವ ಎಥನಾಲ್ ಹೆಚ್ಚುಕಮ್ಮಿ ಎಲ್ಲ ನೀರಿಗೆ ಇಳಿಯುತ್ತದೆ. ಕೆಳಗಿನ ಪದರ 10ರಲ್ಲೇ ನಿಂತರೆ ಎಥನಾಲ್ ಇಲ್ಲ. 20ರ ಹತ್ತಿರ ಬಂದರೆ ಹತ್ತು ಶೇಕಡ. ನಮ್ಮದು 30ಕ್ಕೆ ಸ್ವಲ್ಪ ಕೆಳಗೆ ನಿಂತಿತು. ಅಂದರೆ ಇ20, ಹೇಳಿದಷ್ಟೇ ಇದೆ, ಕಲಬೆರಕೆ ಏನಲ್ಲ.

ಎಥನಾಲ್ ಬೆರೆಸುವುದು ನಮ್ಮಲ್ಲಿ 2003ರಲ್ಲೇ 5 ಶೇಕಡದ ಲೆಕ್ಕದಲ್ಲಿ ಶುರುವಾಯಿತು, ಆದರೆ 2013–14ರಲ್ಲೂ ನಿಜವಾಗಿ ಬೆರೆಯುತ್ತಿದ್ದದ್ದು ಒಂದೂವರೆ ಶೇಕಡದಷ್ಟೇ. 2022ರ ಜೂನಿಗೆ 10 ಆಯಿತು. 2023ರ ಫೆಬ್ರವರಿ 6ರಂದು ಪ್ರಧಾನಿ ಬೆಂಗಳೂರಿಗೇ ಬಂದು ಇ20ಗೆ ಚಾಲನೆ ಕೊಟ್ಟರು. ಮೊದಲು 2030ಕ್ಕೆ ಅಂತ ಇದ್ದ ಗುರಿಯನ್ನು ಐದು ವರ್ಷ ಹಿಂದಕ್ಕೆ ಎಳೆದು 2025ರಲ್ಲೇ ಮುಟ್ಟಿದರು. ಎಥನಾಲ್ ಇಲ್ಲದ ಪೆಟ್ರೋಲೂ ಸಿಗಲಿ ಅಂತ ಕೇಳಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ ಆ ವರ್ಷದ ಸೆಪ್ಟೆಂಬರ್ 1ರಂದು ವಜಾ ಮಾಡಿತು. ಈ ಯಂತ್ರ ಕೊಂಡದ್ದು ಇ20 ಬರುವುದಕ್ಕೂ ಮುಂಚೆ. ಅದರ ಕೈಪಿಡಿಯಲ್ಲಿ ಎಥನಾಲ್ 10 ಶೇಕಡ ಮೀರಬಾರದು ಅಂತ ಸಣ್ಣ ಅಕ್ಷರದಲ್ಲಿ ಇದೆ. ಕಬ್ಬು, ಮೆಕ್ಕೆಜೋಳ ಬೆಳೆಯುವವರಿಗೆ ಇದರಿಂದ ಬೆಲೆ ಸಿಗುತ್ತದೆ ಅನ್ನುವುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಚರ್ಚೆ ಎಲ್ಲ ಕಾರು ಬೈಕಿನದ್ದೇ. ನೀತಿ ಆಯೋಗದ 2021ರ ವರದಿಯಲ್ಲೂ ಮೈಲೇಜ್ ಎಷ್ಟು ಬೀಳುತ್ತದೆ ಅನ್ನುವ ಲೆಕ್ಕ ಇದೆ, ಹಳೆಯ ಮಾದರಿಯ ಕಾರಿಗೆ 6–7 ಶೇಕಡ, ದ್ವಿಚಕ್ರಕ್ಕೆ 3–4 ಶೇಕಡ ಅಂತ. ವರ್ಷಕ್ಕೆ ಕೆಲವೇ ವಾರ ಓಡಿ ಉಳಿದ ತಿಂಗಳು ಮೂಲೆಯಲ್ಲಿ ಕೂರುವ ಯಂತ್ರಕ್ಕೆ ಮೈಲೇಜ್ ಚಿಂತೆ ಅಲ್ಲವೇ ಅಲ್ಲ. ಅದರ ಚಿಂತೆ ಕೂರುವುದು.

ಅಮೆರಿಕದಲ್ಲಿ ಇ15 ಮಾರುವ ಪಂಪಿನ ಮೇಲೆ ಚೀಟಿ ಅಂಟಿಸಿರುತ್ತಾರೆ, ದೋಣಿಗೆ, ಹುಲ್ಲು ಕತ್ತರಿಸುವಂಥ ಪೆಟ್ರೋಲ್ ಯಂತ್ರಗಳಿಗೆ ಇದನ್ನು ಹಾಕಬಾರದು, ಕಾನೂನಿನಲ್ಲೇ ನಿಷಿದ್ಧ ಅಂತ. ನಮ್ಮ ಕಡೆಯ ಬಂಕಿನಲ್ಲಿ ಅಂಥ ಚೀಟಿ ನಾನು ಕಂಡಿಲ್ಲ. ಅವರಿಗೂ ಬುದ್ಧಿ ಬಂದದ್ದು ಪೆಟ್ಟು ತಿಂದ ಮೇಲೆಯೇ. 2004ರಲ್ಲಿ ನ್ಯೂಯಾರ್ಕ್, ಕನೆಕ್ಟಿಕಟ್ ರಾಜ್ಯಗಳು ಪೆಟ್ರೋಲಿನಿಂದ ಎಂಟಿಬಿಇ ಎಂಬ ರಾಸಾಯನಿಕ ತೆಗೆದು ಅದರ ಜಾಗಕ್ಕೆ 10 ಶೇಕಡ ಎಥನಾಲ್ ತಂದವು. ಆಗ ಅಲ್ಲಿನ ಹಳೇ ದೋಣಿಗಳ ಫೈಬರ್‌ಗ್ಲಾಸ್ ಟ್ಯಾಂಕಿನ ರೆಸಿನ್ ಎಥನಾಲಿಗೆ ಕರಗಿ ಪೆಟ್ರೋಲಿನ ಜೊತೆ ಎಂಜಿನ್ ಒಳಗೆ ಹೋಯಿತು. ವಾಲ್ವಿನ ಮೇಲೆ ಡಾಂಬರಿನಂಥ ಕಪ್ಪು ಅಂಟು ಕೂತು, ವಾಲ್ವ್ ಕಚ್ಚಿಕೊಂಡು, ವಾಲ್ವನ್ನು ತಳ್ಳುವ ಪುಶ್ ರಾಡ್‌ಗಳು ಬಗ್ಗಿದವು. ನಮ್ಮ ಕರಾವಳಿಯ ನಾಡದೋಣಿಗಳಿಗೆ ಇಷ್ಟು ದಿನ ಈ ತೊಂದರೆ ಅಷ್ಟಾಗಿ ತಟ್ಟಿಲ್ಲ, ಯಾಕೆಂದರೆ ಅಲ್ಲಿನ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ಸಿಕ್ಕಿಸುವ) ಮೋಟಾರುಗಳಲ್ಲಿ ಬಹಳಷ್ಟು ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ ಸೀಮೆಎಣ್ಣೆಗೆ ತಿರುಗಿಸುವಂಥವು. ಸಬ್ಸಿಡಿ ಸೀಮೆಎಣ್ಣೆ ಕಷ್ಟವಾಗಿ ಈಗ ಅಲ್ಲೂ ಪೆಟ್ರೋಲ್ ಮೋಟಾರಿನ ಮಾತು ಜಾಸ್ತಿಯಾಗುತ್ತಿದೆ. ಮಳೆಗಾಲದ ಮೀನುಗಾರಿಕೆ ನಿಷೇಧ, ಸುತ್ತ ನೀರು, ದಡದಲ್ಲಿ ಇಟ್ಟ ಕ್ಯಾನು. ಎರಡು ಸ್ಟ್ರೋಕಿನ ಪೆಟ್ರೋಲ್ ಮೋಟಾರು ಇಟ್ಟುಕೊಂಡವರು ಈ ಪ್ರಕರಣವನ್ನು ತಮ್ಮದೇ ಅಂತ ಓದಿಕೊಳ್ಳಬಹುದು.

ಯಂತ್ರಕ್ಕೆ ವಾಪಸ್ ಬರೋಣ. ಪಿಸ್ಟನ್ ಒಂದೇ ಅಲ್ಲ, ಇನ್ನೂ ಎರಡು ತೊಂದರೆ ಅದರಲ್ಲಿ ಇದ್ದವು, ಅವು ಸೀಜ್‌ಗಿಂತ ಮುಂಚಿನವು. ಜನ ಎಲ್ಲವನ್ನೂ ಒಟ್ಟಿಗೆ ಸೇರಿಸಿ "ಎಥನಾಲ್ ತಿಂದಿತು" ಅಂದುಬಿಡುತ್ತಾರೆ, ಅದಕ್ಕೇ ಬೇರೆ ಬೇರೆ ಮಾಡಿ ಹೇಳುತ್ತಿದ್ದೇನೆ.

ಮೊದಲನೆಯದು ರಬ್ಬರು. ಪೆಟ್ರೋಲನ್ನು ಗಾಳಿಗೆ ಬೆರೆಸುವ ಕಾರ್ಬುರೇಟರ್ ಒಳಗಿನ ಡಯಾಫ್ರಮ್ ತೆಳ್ಳನೆಯ ಹಾಳೆ, ಬೆರಳಲ್ಲಿ ಒತ್ತಿದರೆ ಮೆತ್ತಗೆ ಬಗ್ಗಬೇಕು. ಇದು ಎಕ್ಸ್‌ರೇ ಫಿಲ್ಮಿನ ಹಾಗೆ ಗರಗರ ಅನ್ನುತ್ತಿತ್ತು. ಪೆಟ್ರೋಲ್ ಪೈಪು ಬಿರುಸಾಗಿ ಟ್ಯಾಂಕಿಗೆ ಸೇರುವ ಜಾಗದಲ್ಲಿ ಸಡಿಲ. ಒತ್ತಿ ಪೆಟ್ರೋಲ್ ಎಳೆಯುವ ಪ್ರೈಮರ್ ಗುಳ್ಳೆಯಲ್ಲಿ ಸೀಳು. ಎಥನಾಲ್ ತಾಳದ ರಬ್ಬರು ಮೊದಲು ಉಬ್ಬುತ್ತದೆ, ಒಣಗಿದ ಮೇಲೆ ಗಡುಸಾಗುತ್ತದೆ, ನಿಜ. ಆದರೆ ಪ್ರೈಮರ್ ಗುಳ್ಳೆ ಬಿಸಿಲಿಗೂ ಸೀಳುತ್ತದೆ, ಎಥನಾಲ್ ಹೆಸರೇ ಕೇಳದ ಕಾಲದಲ್ಲೂ ನಾನು ಅದನ್ನು ಬದಲಿಸಿದ್ದೇನೆ. ಕಾರ್ಬುರೇಟರ್ ಮೈಯಲ್ಲಿ ಬಿಳೀ ಪುಡಿಯಂಥ ತುಕ್ಕು ಇತ್ತಲ್ಲ, ಅದನ್ನು ಮಾತ್ರ ನೀರು ಸೇರಿದ ಎಥನಾಲಿನ ಲೆಕ್ಕಕ್ಕೇ ಬರೆಯುತ್ತೇನೆ.

ಎರಡನೆಯದು ಗಾಳಿ-ಪೆಟ್ರೋಲಿನ ಅನುಪಾತ. ಬರೀ ಪೆಟ್ರೋಲ್ ಪೂರ್ತಿ ಉರಿಯಲು ಒಂದು ಕಿಲೋಗೆ ಸುಮಾರು 14.7 ಕಿಲೋ ಗಾಳಿ ಬೇಕು. ಎಥನಾಲಿಗೆ 9 ಸಾಕು, ಅದರಲ್ಲೇ ಆಮ್ಲಜನಕ ಇದೆ. ಇ20ಗೆ ಹದಿಮೂರೂವರೆ ಆಸುಪಾಸು. ಕಾರಿನಲ್ಲಿ ಸೆನ್ಸರ್ ಇದೆ, ಕಂಪ್ಯೂಟರ್ ಇದೆ, ಅದು ಇಂಧನ ಸ್ವಲ್ಪ ಜಾಸ್ತಿ ಬಿಟ್ಟು ಸರಿ ಮಾಡಿಕೊಳ್ಳುತ್ತದೆ. ಕಳೆ ಯಂತ್ರದಲ್ಲಿ ಇರುವುದು ಒಂದು ತೂತು, ಒಂದು ಸ್ಕ್ರೂ. ಕಾರ್ಖಾನೆಯಲ್ಲಿ ಎಷ್ಟಕ್ಕೆ ತಿರುಗಿಸಿದ್ದರೋ ಅಷ್ಟೇ ಇಂಧನ. ಹಾಗಾಗಿ ಎಥನಾಲ್ ಜಾಸ್ತಿಯಾದಷ್ಟೂ ಎಂಜಿನ್ ಲೀನ್ ಆಗಿ ಓಡುತ್ತದೆ, ಅಂದರೆ ಬೇಕಾದ್ದಕ್ಕಿಂತ ಕಮ್ಮಿ ಇಂಧನದಲ್ಲಿ ಬಿಸಿಯಾಗಿ ಓಡುತ್ತದೆ. ಬಿರುಸಾದ ಡಯಾಫ್ರಮ್, ಗಾಳಿ ಎಳೆಯುವ ಪೈಪು ಸೇರಿದರೆ ಇನ್ನೂ ಲೀನ್.

ಇದರ ಒಂದು ಲಕ್ಷಣ ಯಜಮಾನರಿಗೆ ಆಗಲೇ ಕಂಡಿತ್ತು. ಆಕ್ಸಿಲರೇಟರ್ ಬಿಟ್ಟರೂ ಬ್ಲೇಡು ತಿರುಗುವುದು ನಿಲ್ಲುತ್ತಿರಲಿಲ್ಲ. ಈ ಯಂತ್ರದಲ್ಲಿ ಕ್ಲಚ್ ಹಿಡಿಯುವುದು ವೇಗದ ಮೇಲೆ. ಐಡಲಿಂಗ್ ವೇಗ, ಅಂದರೆ ಆಕ್ಸಿಲರೇಟರ್ ಬಿಟ್ಟಾಗಿನ ವೇಗ, ಏರಿದರೆ ಕ್ಲಚ್ ತಾನೇ ಹಿಡಿದುಕೊಂಡು ಬ್ಲೇಡು ತಿರುಗಿಸುತ್ತದೆ. ಅಮೆರಿಕದ ಇಂಧನ ಇಲಾಖೆ 2008ರಲ್ಲಿ ಸಣ್ಣ ಎಂಜಿನ್‌ಗಳಿಗೆ ಇ15, ಇ20 ಹಾಕಿ ನೋಡಿದಾಗ ಕೈಯಲ್ಲಿ ಹಿಡಿಯುವ ಹುಲ್ಲಿನ ಯಂತ್ರಗಳಲ್ಲಿ ಇದನ್ನೇ ಕಂಡಿತ್ತು. ಪಿಸ್ಟನ್ ಹೋದರೆ ದುಡ್ಡು ಹೋಯಿತು ಅಷ್ಟೇ. ತೋಟದ ಕಪ್ಪಿನ (ನೀರು ಹರಿಯುವ ಕಾಲುವೆಯ) ಜಾರಿನಲ್ಲಿ ನಿಂತು ಬೆಲ್ಟ್ ಸರಿ ಮಾಡಿಕೊಳ್ಳುವಾಗ ಬ್ಲೇಡು ತಿರುಗುತ್ತಿದ್ದರೆ ಕಾಲು ಹೋಗುತ್ತದೆ. ಇಡೀ ಪ್ರಕರಣದಲ್ಲಿ ನನಗೆ ಹೆದರಿಕೆ ಹುಟ್ಟಿಸಿದ್ದು ಇದೊಂದೇ. ಆಕ್ಸಿಲರೇಟರ್ ಬಿಟ್ಟಾಗ ಬ್ಲೇಡು ನಿಲ್ಲದ ಯಂತ್ರವನ್ನು ಅಲ್ಲೇ ಆಫ್ ಮಾಡಿ, ಸರಿಯಾಗುವ ತನಕ ಮುಟ್ಟಬೇಡಿ.

ರಿಪೇರಿ ಸುದ್ದಿ ಚಿಕ್ಕದು. ಸಿಲಿಂಡರ್, ಪಿಸ್ಟನ್, ರಿಂಗ್ ಸೆಟ್ ಹೊಸದು. ಕ್ರ್ಯಾಂಕ್ ಬೇರಿಂಗ್ ತೊಳೆದು ನೋಡಿದರೆ ಬದುಕಿತ್ತು. ಕಾರ್ಬುರೇಟರಿಗೆ ಡಯಾಫ್ರಮ್ ಕಿಟ್, ಹೊಸ ಪೈಪು, ಗುಳ್ಳೆ, ಫಿಲ್ಟರ್. ಮಿಶ್ರಣದ ಸ್ಕ್ರೂ ಸ್ವಲ್ಪ ಸಡಿಲಿಸಿ ಇಂಧನ ಜಾಸ್ತಿ ಬಿಟ್ಟು, ಐಡಲಿಂಗ್ ಇಳಿಸಿದೆ. ಪೂರ್ತಿ ಗ್ಯಾಸ್ ಕೊಟ್ಟಾಗ ಶಬ್ದ ಕಿರಿಚಿದಂತೆ ಇರದೆ ಸ್ವಲ್ಪ ದಪ್ಪಗೆ ಇರಬೇಕು. ಕೆಲವು ಹೊಸ ಯಂತ್ರಗಳಲ್ಲಿ ಈ ಸ್ಕ್ರೂ ಜಾಸ್ತಿ ತಿರುಗದಂತೆ ಪ್ಲಾಸ್ಟಿಕ್ ಟೋಪಿ ಹಾಕಿರುತ್ತಾರೆ, ವಾರಂಟಿ ಇದ್ದರೆ ಅದಕ್ಕೆ ಕೈ ಹಾಕದಿರುವುದೇ ಲೇಸು.

ಮುಂದೆ ಹೀಗಾಗದಂತೆ ಏನು ಮಾಡಬೇಕು ಅಂತ ಯಜಮಾನರು ಕೇಳಿದಾಗ ಅವರ ತಲೆಯಲ್ಲಿ ಇದ್ದದ್ದು ಯಾವುದೋ ಔಷಧಿ. ಇಂಧನ ಕೆಡದಂತೆ ಹಾಕುವ ಸ್ಟೆಬಿಲೈಸರ್ ಸಿಗುತ್ತದೆ, ಪೆಟ್ರೋಲ್ ಹಳಸಿ ಅಂಟಾಗುವುದನ್ನು ಅದು ತಡ ಮಾಡುತ್ತದೆ. ಒಡೆದ ಪದರವನ್ನು ಮಾತ್ರ ಮತ್ತೆ ಕೂಡಿಸುವುದಿಲ್ಲ. ಇನ್ನೊಂದು ಉಪಾಯ ಈಗ ಸುಮಾರು ಜನ ಹೇಳುತ್ತಿದ್ದಾರೆ, ನಾವು ಜಾಡಿಯಲ್ಲಿ ಮಾಡಿದ ಪರೀಕ್ಷೆಯನ್ನೇ ಕ್ಯಾನಿನಲ್ಲಿ ಮಾಡಿ, ನೀರು ಹಾಕಿ ಎಥನಾಲ್ ಇಳಿಸಿ ಮೇಲಿನ ಪೆಟ್ರೋಲ್ ಬಸಿದುಕೊಳ್ಳುವುದು. ನಾನು ಬೇಡ ಅಂದೆ. ಎಥನಾಲ್ ತೆಗೆದರೆ ಆಕ್ಟೇನ್ (ಎಂಜಿನ್ ಬಡಿಯದಂತೆ ಉರಿಯುವ ಗುಣ) ಬೀಳುತ್ತದೆ, ಬಸಿದದ್ದರಲ್ಲಿ ನೀರಿನ ಅಂಶ ಉಳಿಯುತ್ತದೆ, ಐದು ಲೀಟರ್ ಪೆಟ್ರೋಲನ್ನು ಮನೆಯಲ್ಲಿ ಕುಲುಕಿ ಬಸಿಯುವುದು ಬೆಂಕಿಯ ಜೊತೆ ಆಟ. ತಳದ ನೀರನ್ನು ಎಲ್ಲಿ ಚೆಲ್ಲುತ್ತೀರಿ? ತೋಟಕ್ಕಾ? ದೊಡ್ಡ ಊರುಗಳ ಕೆಲವು ಬಂಕಿನಲ್ಲಿ ಸಿಗುವ 100 ಆಕ್ಟೇನಿನ ಪೆಟ್ರೋಲಿನಲ್ಲಿ ಎಥನಾಲ್ ಇಲ್ಲ ಅಂತ ಹೇಳುತ್ತಾರೆ. ಬೆಲೆ ಮಾತ್ರ ಮಾಮೂಲಿಗಿಂತ ಎಷ್ಟೋ ಜಾಸ್ತಿ. ತರುವುದಾದರೆ ಒಂದು ಲೀಟರ್ ತಂದು ಜಾಡಿ ಪರೀಕ್ಷೆ ಮಾಡಿ ನೋಡಿ, ಆಮೇಲೆ ದುಡ್ಡು ಹಾಕಿ.

ಕೊನೆಗೆ ಅವರು ಒಪ್ಪಿದ್ದು ಖರ್ಚಿಲ್ಲದ ದಾರಿಗೆ. ವಾಷರ್ ಸರಿ ಇರುವ ಮುಚ್ಚಳದ ಗಟ್ಟಿ ಕ್ಯಾನು, ಸೋರದ ಜಾಗ. ಕ್ಯಾನಿನಲ್ಲಿ ಬರೀ ಪೆಟ್ರೋಲ್ ಇರಲಿ, ಎಣ್ಣೆಯನ್ನು ಅವತ್ತಿನ ಕೆಲಸಕ್ಕೆ ಎಷ್ಟು ಬೇಕೋ ಅಷ್ಟಕ್ಕೆ ಮಾತ್ರ ಬೆರೆಸಬೇಕು. ಎಣ್ಣೆ ಬೆರೆಸದೆ ಉಳಿದದ್ದನ್ನು ತಿಂಗಳೊಳಗೆ ಬೈಕಿಗೆ ಹಾಕಿಬಿಟ್ಟರೆ ಮುಗಿಯಿತು, ಎಣ್ಣೆ ಬೆರೆಸಿಟ್ಟರೆ ಅದು ಯಾವ ಕೆಲಸಕ್ಕೂ ಬರುವುದಿಲ್ಲ. ಪ್ರತಿ ಸಲ ಸುರಿಯುವ ಮುಂಚೆ ಒಂದಿಷ್ಟನ್ನು ಗಾಜಿನ ಬಾಟಲಿಯಲ್ಲಿ ಬೆಳಕಿಗೆ ಹಿಡಿಯಬೇಕು, ಮಬ್ಬಿದ್ದರೆ ಯಂತ್ರಕ್ಕೆ ಹಾಕಬಾರದು, ಕುಲುಕಿ ಹಾಕಿದರೆ ಆಗುತ್ತದೆ ಅನ್ನುವುದೂ ಬೇಡ. ಸೀಸನ್ ಮುಗಿದಾಗ ಟ್ಯಾಂಕ್ ಖಾಲಿ ಮಾಡಿ, ಪ್ರೈಮರ್ ಒತ್ತಿ, ತಾನಾಗಿ ನಿಲ್ಲುವ ತನಕ ಓಡಿಸಿ ಇಡಬೇಕು.

ಅವರ ಔಷಧಿ ಹೊಡೆಯುವ ಪವರ್ ಸ್ಪ್ರೇಯರೂ ಅದೇ ಕೊಟ್ಟಿಗೆಯಲ್ಲಿ ಇತ್ತು, ಅದು ನಾಲ್ಕು ಸ್ಟ್ರೋಕಿನದು. ಎಣ್ಣೆ ಅದರ ಹೊಟ್ಟೆಯಲ್ಲಿ ಬೇರೆ ಇರುತ್ತದೆ, ಪೆಟ್ರೋಲ್ ಒಡೆದರೂ ಪಿಸ್ಟನ್ ಹೀಗೆ ಸೀಜ್ ಆಗುವುದಿಲ್ಲ. ಆದರೆ ಕಾರ್ಬುರೇಟರಿನ ತಳದ ಬಟ್ಟಲಿನಲ್ಲಿ ನಿಂತ ಪೆಟ್ರೋಲ್ ಒಣಗಿ ಜೆಟ್ (ಪೆಟ್ರೋಲ್ ಹೋಗುವ ಸಣ್ಣ ತೂತು) ಕಟ್ಟುತ್ತದೆ. ಬಟ್ಟಲಿನ ಕೆಳಗೆ ಒಂದು ಡ್ರೈನ್ ಸ್ಕ್ರೂ ಇರುತ್ತದೆ, ಜನ ಅದನ್ನು ಮುಟ್ಟುವುದೇ ಇಲ್ಲ. ಬಿಚ್ಚಿದೆ. ಮೊದಲು ಬಂದದ್ದು ನೀರು, ಆಮೇಲೆ ಪೆಟ್ರೋಲ್.